ಕಣ್ಣಿಗೆ ಹಿತವಾದದ್ದೆಲ್ಲ ಸತ್ಯವೇ?

ಕಬ್ಬಿನ ಬಿಲ್ಲು ಕೈಗೆ ಬಂದಾಗಲೋ, ಮಗನಿಗೆ ಮೊದಲ ಸಂಬಳ ಬಂದಾಗಲೋ, ಕ್ರಿಸ್ತಜಯಂತಿಯ ಮುಂಚಿನ ವಾರದಲ್ಲೋ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಿಗೆ ಹೊಸ ಟಿ.ವಿ. ಬರುತ್ತದೆ. ಅಂಗಡಿಯ ಹುಡುಗ ಅದನ್ನು ಗೋಡೆಗೆ ಕೂರಿಸಿ, ರಿಮೋಟನ್ನು ಮನೆಯವರ ಕೈಗಿತ್ತು ಹೊರಟುಹೋಗುತ್ತಾನೆ. ಆಮೇಲೆ ಚರ್ಚೆ ಶುರುವಾಗುತ್ತದೆ. ಬಣ್ಣ ಇನ್ನೂ ಹೆಚ್ಚಬೇಕೆಂದು ಮಗ, ಕಣ್ಣು ಕುಕ್ಕುತ್ತದೆಂದು ಅಜ್ಜಿ. ಕೊನೆಗೆ ರಿಮೋಟು ಯಾರ ಕೈಯಲ್ಲಿದೆಯೋ ಅವರ ಇಷ್ಟವೇ ಗೆಲ್ಲುತ್ತದೆ.

ಇದು ಕ್ಷುಲ್ಲಕ ವಿಷಯವೆಂದು ತೋರಬಹುದು. ಆದರೆ ತತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆ ಇದರೊಳಗೆ ಅಡಗಿದೆ. ಸರಿಯಾದ ಚಿತ್ರ ಯಾವುದು? ನಮಗೆ ಹಿತವಾಗಿ ಕಾಣುವುದೋ? ಇದ್ದುದನ್ನು ಇದ್ದಂತೆ ತೋರಿಸುವುದೋ?

1980ರ ದಶಕದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಮಾಳಿಗೆಯ ಮೇಲೆ ಒಬ್ಬರು ಆಂಟೆನಾ ತಿರುಗಿಸುತ್ತಿದ್ದರು, ಒಳಗಿನಿಂದ ಇನ್ನೊಬ್ಬರು "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುತ್ತಿದ್ದರು. ಚಿತ್ರ ಬಂದರೆ ಸಾಕಾಗಿತ್ತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಮೇಲೂ ಬಹುಪಾಲು ಮನೆಗಳಲ್ಲಿ ಕಪ್ಪುಬಿಳುಪೇ ಇತ್ತು. ಇಂದು ಚಿತ್ರ ಬರುವುದರಲ್ಲಿ ಸಂಶಯವಿಲ್ಲ. ಆದುದರಿಂದಲೇ ಅದು ನಿಜವೋ ಅಲ್ಲವೋ ಎಂದು ಕೇಳಬೇಕಾಗಿದೆ.

ಇಂದಿನ ಟಿ.ವಿ.ಗಳಲ್ಲಿ "ವಿವಿಡ್" ಅಥವಾ "ಡೈನಾಮಿಕ್" ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಇಪ್ಪತ್ತು ಸೆಟ್ಟುಗಳು ಸಾಲಾಗಿ ನಿಂತಾಗ ಗಿರಾಕಿಯ ಕಣ್ಣನ್ನು ಸೆಳೆಯಲು ಅದು ತಕ್ಕದ್ದು. ಬಿಳಿ ನೀಲಿಯತ್ತ ವಾಲುತ್ತದೆ, ಹಸಿರು ಉರಿಯುತ್ತದೆ, ಮುಖಗಳು ಬಣ್ಣ ಬಳಿದಂತೆ ಕಾಣುತ್ತವೆ. "ಸಿನಿಮಾ" ಅಥವಾ "ಮೂವಿ" ಎಂಬ ಸೆಟ್ಟಿಂಗ್, ಚಿತ್ರವನ್ನು ತಯಾರಿಸಿದವರು ನೋಡಿ ಒಪ್ಪಿದ ಬಣ್ಣಕ್ಕೆ ಹತ್ತಿರವಾದುದು. 2019ರಲ್ಲಿ ಚಿತ್ರನಿರ್ದೇಶಕರೂ ಟಿ.ವಿ. ತಯಾರಕರೂ ಒಟ್ಟುಗೂಡಿ "ಫಿಲ್ಮ್‌ಮೇಕರ್ ಮೋಡ್" ಎಂಬುದನ್ನು ಪ್ರಕಟಿಸಿದ್ದು ಈ ಉದ್ದೇಶಕ್ಕಾಗಿಯೇ.

"ದುಡ್ಡು ಕೊಟ್ಟವನು ನಾನು, ನೋಡುವ ಕಣ್ಣೂ ನನ್ನದೇ. ನನಗೆ ಹಿಡಿಸಿದ ಬಣ್ಣ ಇಟ್ಟುಕೊಂಡರೆ ಪಾಪವೇ ಸ್ವಾಮಿ?" ಎಂದು ಯಾರಾದರೂ ಕೇಳಬಹುದು. ಖಂಡಿತ ಪಾಪವಲ್ಲ. ಮಕ್ಕಳ ಕಾರ್ಟೂನಿಗೆ ಬಣ್ಣ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಆದರೆ "ನನಗೆ ಹಿಡಿಸಿತು" ಎನ್ನುವುದು ಬೇರೆ, "ಇದೇ ನಿಜ" ಎನ್ನುವುದು ಬೇರೆ. ಮೊದಲನೆಯದು ಮೆಲ್ಲಗೆ ಎರಡನೆಯದಾಗಿ ಬಿಡುವುದರಲ್ಲೇ ಅಪಾಯವಿದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಬೆಲ್ಲದ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುತ್ತದೆ. ಕಬ್ಬಿನ ಹಾಲನ್ನು ಕಲಬೆರಕೆಯಿಲ್ಲದೆ ಕಾಯಿಸಿದರೆ ಬೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಪೇಟೆಯ ಗಿರಾಕಿಗೆ ಹೊಂಬಣ್ಣದ ಅಚ್ಚೇ ಬೇಕು. ಅದಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವ ಆಲೆಮನೆಗಳುಂಟು. ಕಣ್ಣು ಬೇಡಿದ್ದನ್ನು ಒದಗಿಸಹೋಗಿ ನಾಲಿಗೆಗೂ ಹೊಟ್ಟೆಗೂ ಮೋಸವಾಯಿತು. ಕೊನೆಗೆ ಒಳ್ಳೆಯ ಬೆಲ್ಲವನ್ನೇ ಜನ "ಕಪ್ಪು" ಎಂದು ತಿರಸ್ಕರಿಸುವಂತಾಯಿತು. ತಪ್ಪು ಆಲೆಮನೆಯವನದು ಮಾತ್ರವೇ? ನಮ್ಮ ಕಣ್ಣಿನದೂ ಅಲ್ಲವೇ?

1958ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಅಸ್ಸಿಸಿಯ ಸಂತ ಕ್ಲಾರಾ ಅವರನ್ನು ದೂರದರ್ಶನದ ಪಾಲಕ ಸಂತರೆಂದು ಘೋಷಿಸಿದರು. ಕಾಯಿಲೆಯಿಂದ ಮಲಗಿದ್ದ ಕ್ಲಾರಾ, ಕ್ರಿಸ್ತಜಯಂತಿಯ ರಾತ್ರಿ ದೇವಾಲಯಕ್ಕೆ ಹೋಗಲಾರದೆ, ಅಲ್ಲಿನ ಆರಾಧನೆಯನ್ನು ತಮ್ಮ ಕೋಣೆಯಲ್ಲೇ ಕಂಡು ಕೇಳಿದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಅವರಿಗೆ ಕಂಡದ್ದು ಮನಸ್ಸು ಬಯಸಿದ ಅಲಂಕಾರವಲ್ಲ, ದೂರದಲ್ಲಿ ನಿಜವಾಗಿ ನಡೆಯುತ್ತಿದ್ದ ಪೂಜೆ. 2020ರಲ್ಲಿ ಕೋವಿಡ್‌ನಿಂದ ದೇವಾಲಯಗಳು ಮುಚ್ಚಿದ್ದಾಗ ನಾವೂ ಮನೆಯಲ್ಲೇ ಕುಳಿತು ಬಲಿಪೂಜೆಯನ್ನು ನೋಡಿದೆವಲ್ಲವೇ? ದೂರದಲ್ಲಿರುವುದನ್ನು ಇದ್ದಂತೆಯೇ ಹತ್ತಿರಕ್ಕೆ ತರುವುದು, ಇದೇ ಆ ಪೆಟ್ಟಿಗೆಯ ಧರ್ಮ.

ಇದ್ದಂತೆಯೇ ಎಂದು ತಿಳಿಯುವುದು ಹೇಗೆ? ನಮ್ಮ ತಿಳುವಳಿಕೆ ವಸ್ತುವಿಗೆ ಸರಿಹೊಂದುವುದೇ ಸತ್ಯ ಎಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. ವಸ್ತುವನ್ನು ನಮ್ಮ ತಿಳುವಳಿಕೆಗೆ ಬಗ್ಗಿಸುವುದಲ್ಲ. ಆದುದರಿಂದ ಟಿ.ವಿ.ಯನ್ನು ಸರಿಪಡಿಸುವಾಗ ನೀವು ಕಣ್ಣಾರೆ ಕಂಡು ಬಲ್ಲದ್ದನ್ನೇ ಅಳತೆಗೋಲು ಮಾಡಿಕೊಳ್ಳಿ. ಸಂಜೆ, ನೀವು ದಿನವೂ ನೋಡುವ ಬೆಳಕಿನಲ್ಲೇ ಕುಳಿತು, ಮೊದಲು "ಸಿನಿಮಾ" ಸೆಟ್ಟಿಂಗಿಗೆ ಬನ್ನಿ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಯ ಚಿತ್ರ ಬಂದರೆ ಅದರ ಮಾಸಲು ಬಿಳುಪಿನಲ್ಲಿ ಗರಿಗಳು ಬೇರೆ ಬೇರೆಯಾಗಿ ಕಾಣಬೇಕು; ಕಾಣದಿದ್ದರೆ ಕಾಂಟ್ರಾಸ್ಟ್ ಹೆಚ್ಚಾಗಿದೆ. ಕತ್ತಲ ಕೊಟ್ಟಿಗೆಯ ಎಮ್ಮೆ ಕಪ್ಪು ಮುದ್ದೆಯಾಗಿ ಕಂಡರೆ, ಅನೇಕ ಸೆಟ್ಟುಗಳಲ್ಲಿ, ಬ್ರೈಟ್‌ನೆಸ್ ಕಡಿಮೆಯಾಗಿದೆ. ಮಳೆಗಾಲದ ಗಗನಚುಕ್ಕಿಯ ಕೆನ್ನೀರು ನೀಲಿಯಾಗಿ ಹರಿದರೆ ಬಣ್ಣ ಸುಳ್ಳು ಹೇಳುತ್ತಿದೆ. ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯರ ಮುಖ ನೋಡಿ. ಮುಖ ಸರಿಯಾಗಿ ಕಂಡರೆ ಉಳಿದದ್ದು ಬಹುಮಟ್ಟಿಗೆ ಸರಿಯಿರುತ್ತದೆ.

ಹೀಗೆ ಸರಿಪಡಿಸಿದ ಮೊದಲ ದಿನ ಮನೆಯವರೆಲ್ಲ ಗೊಣಗುತ್ತಾರೆ. ಚಿತ್ರ ಮಂಕಾಯಿತು, ಹಳದಿಯಾಯಿತು ಎನ್ನುತ್ತಾರೆ. ಒಂದು ವಾರ ತಾಳಿ. ಕಣ್ಣು ಒಗ್ಗಿದ ಮೇಲೆ ಹಳೆಯ ಸೆಟ್ಟಿಂಗಿಗೆ ಮರಳಿ ನೋಡಿದರೆ ಅದೇ ಕೃತಕವೆನಿಸುತ್ತದೆ. ಇದರಿಂದ ತಿಳಿಯುವುದೇನು? ಕಣ್ಣಿನ ಮೊದಲ ತೀರ್ಪು ಕಡೆಯ ತೀರ್ಪಲ್ಲ, ಕಣ್ಣಿಗೂ ಶಿಕ್ಷಣ ಬೇಕು. ಮನಸ್ಸಾಕ್ಷಿಯ ವಿಷಯವೂ ಹೀಗೆಯೇ. "ನನ್ನ ಮನಸ್ಸಾಕ್ಷಿ ಒಪ್ಪಿತು" ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮನಸ್ಸಾಕ್ಷಿಯನ್ನು ಅನುಸರಿಸಬೇಕೆಂದು ಹೇಳುವ ಧರ್ಮಸಭೆಯೇ ಅದನ್ನು ದೇವರ ವಾಕ್ಯದಿಂದ ತಿದ್ದಿ ರೂಪಿಸಿಕೊಳ್ಳಬೇಕೆಂದೂ ಹೇಳುತ್ತದೆ. ಕಣ್ಣು ದೇಹಕ್ಕೆ ದೀಪವೆಂದು ಕಲಿಸಿದ ಯೇಸುಸ್ವಾಮಿ ಆ ದೀಪವೇ ಕೆಡಬಹುದೆಂದೂ ಎಚ್ಚರಿಸಿದರು.

ಕೆಟ್ಟ ಕಣ್ಣಿನ ಬೆಲೆ ತೆರುವವರು ಯಾರು? ನಮ್ಮ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ. ಮದುವೆಯ ಮಾತುಕತೆಗೆ ಕಳಿಸುವ ಫೋಟೋದಲ್ಲಿ ಅವರ ಮುಖಕ್ಕೆ ಬಿಳುಪು ತುಂಬುತ್ತೇವೆ. ನೋಡಲು ಬಂದವರು ಕಾಫಿ ಕುಡಿದು, "ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿಕಳಿಸುತ್ತಾರೆ. ಆ ಮಾತನ್ನು ಒಳಕೋಣೆಯಲ್ಲಿ ನಿಂತು ಕೇಳಿಸಿಕೊಂಡ ಹುಡುಗಿಯ ಮನಸ್ಸು ಏನಾಗಬೇಡ? ದೇವರು ತನ್ನ ರೂಪದಲ್ಲೇ ಸೃಷ್ಟಿಸಿದ ಮುಖವದು. ಅದರಲ್ಲಿ ಕೊರತೆಯಿಲ್ಲ, ನಮ್ಮ ಕಣ್ಣಿನ ಸೆಟ್ಟಿಂಗಿನಲ್ಲಿದೆ.

ಇನ್ನೊಂದು ಸಂಗತಿ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಲ್ಲಿ ತಯಾರಾಗುತ್ತದೆ. ಕೆಲವು ಟಿ.ವಿ.ಗಳು ಎರಡು ಚಿತ್ರಗಳ ನಡುವೆ ತಾವೇ ಊಹಿಸಿದ ಚಿತ್ರಗಳನ್ನು ಸೇರಿಸಿ ಓಟವನ್ನು ನಯಗೊಳಿಸುತ್ತವೆ. ಇದನ್ನು ಮೆನುವಿನಲ್ಲಿ ನಿಲ್ಲಿಸಬಹುದು. ಆದರೆ ನಾವು? ಪಕ್ಕದ ಮನೆಯ ಸೊಸೆ ಬಸ್ ನಿಲ್ದಾಣದಲ್ಲಿ ನಿಂತದ್ದನ್ನು ಕಂಡಿರುತ್ತೇವೆ, ಸಂಜೆ ತಡವಾಗಿ ಬಂದದ್ದನ್ನು ಕಂಡಿರುತ್ತೇವೆ. ನಡುವೆ ಕಾಣದ ಹತ್ತನ್ನು ನಾವೇ ಸೇರಿಸಿ ಊರಿಗೆಲ್ಲ ಹಂಚುತ್ತೇವೆ. ಅದನ್ನು ನಿಲ್ಲಿಸುವ ಗುಂಡಿ ನಮ್ಮಲ್ಲೇ ಇದೆ.

ಬಣ್ಣ ಸರಿಯಾದ ಮಾತ್ರಕ್ಕೆ ಕಾರ್ಯಕ್ರಮ ಒಳ್ಳೆಯದಾಗುವುದಿಲ್ಲವೆಂಬುದನ್ನೂ ಮರೆಯಬಾರದು. ಎರಡನೆಯ ಜಾನ್ ಪಾಲ್ ಪೋಪರು 1994ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಟಿ.ವಿ. ಮತ್ತು ಕುಟುಂಬದ ವಿಷಯಕ್ಕೇ ಮೀಸಲಿಟ್ಟರು. ನೋಡಿದ್ದನ್ನು ಮಕ್ಕಳೊಡನೆ ಚರ್ಚಿಸಬೇಕು, ಬೇಕಾದಾಗ ಆರಿಸುವುದನ್ನೂ ಕಲಿಯಬೇಕು ಎಂಬುದು ಅವರ ಸಲಹೆ.

ಆದುದರಿಂದ ಪ್ರಿಯ ವಾಚಕರೇ, ಈ ವಾರ ಒಂದು ಸಂಜೆ ಕುಟುಂಬದವರೆಲ್ಲ ಕೂಡಿ ಟಿ.ವಿ.ಯ ಚಿತ್ರವನ್ನು ಸರಿಪಡಿಸಿ. ಬಳಿಕ ಅದನ್ನು ಆರಿಸಿ ಜಪಮಾಲೆಗೆ ಕುಳಿತಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಿ. ದೇವರು ಕೊಟ್ಟ ಬಣ್ಣದಲ್ಲೇ, ದೇವರು ನೋಡುವ ಪ್ರೀತಿಯಲ್ಲೇ ಆ ಮುಖಗಳನ್ನು ಕಾಣುವ ಕಣ್ಣನ್ನು ಪ್ರಭು ನಮಗೆ ಕರುಣಿಸಲಿ.