ನಂಬಿ ಒಪ್ಪಿಸಿದ ನಿಕ್ಷೇಪ

ಪರರು ನಂಬಿ ಇರಿಸಿದ ವಸ್ತುವು ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅಪಹೃತವಾದರೆ, ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ನಿಕ್ಷೇಪವು ಮಕ್ಕಳೇ ಆಗಿ, ಅಪಹರಿಸಿದ್ದು ನದಿಯಾದಾಗ ಈ ವಿನಾಯಿತಿಯು ಸಲ್ಲುವುದೇ?

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಗ್ವಾಡಲೂಪ್ ನದಿಯ ದಡದಲ್ಲಿ ಮಕ್ಕಳ ಬೇಸಿಗೆ ಶಿಬಿರಗಳು ಬಹುಕಾಲದಿಂದ ನಡೆದುಬಂದಿವೆ. 2025ರ ಜುಲೈ 4ರ ನಸುಕಿನಲ್ಲಿ ಆ ನದಿಯು ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತು. 1926ರಲ್ಲಿ ಸ್ಥಾಪಿತವಾದ ಕ್ಯಾಂಪ್ ಮಿಸ್ಟಿಕ್ ಎಂಬ ಶಿಬಿರದಲ್ಲಿ ಬಾಲಕಿಯರೂ ಮೇಲ್ವಿಚಾರಕಿಯರೂ ಸೇರಿ 27 ಮಂದಿ ಪ್ರಾಣ ತೆತ್ತರು. ಅವರನ್ನು ಉಳಿಸಹೊರಟ ಶಿಬಿರದ ಯಜಮಾನರೂ ಮರಳಲಿಲ್ಲ.

ಇದನ್ನು ಕೇವಲ ದೈವವೆನ್ನಲು ನಮ್ಮ ಮನಸ್ಸು ಒಪ್ಪದು. ಅಲ್ಲಿನ ಸುಣ್ಣಕಲ್ಲಿನ ಗುಡ್ಡಗಳ ತೆಳುಮಣ್ಣಿನಲ್ಲಿ ಮಳೆಯು ಇಂಗದೆ ನದಿಗೆ ಧಾವಿಸುವುದು ತಿಳಿದ ಸಂಗತಿಯೇ. 1987ರ ಜುಲೈನಲ್ಲಿ ಇದೇ ನದಿಯು, ಬೇರೊಂದು ಶಿಬಿರದಿಂದ ಮಕ್ಕಳನ್ನು ಸಾಗಿಸುತ್ತಿದ್ದಾಗ, 10 ಮಂದಿ ಹದಿಹರೆಯದವರನ್ನು ಸೆಳೆದೊಯ್ದಿತ್ತು. 2025ರಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಯು ರಾತ್ರಿ 1 ಗಂಟೆ 14 ನಿಮಿಷಕ್ಕೆ ಹೊರಟಿತು. ನಿದ್ರಿಸುವ ಮಗುವಿಗೆ ಅದು ಕೇಳಿಸೀತೆ? ಯಾವುದನ್ನು ಮೊದಲೇ ಅರಿಯಬಹುದಿತ್ತೋ ಅದು ಪುರುಷಪ್ರಯತ್ನದ ಪಾಲಿಗೆ ಸೇರಿದುದು.

ನಾವು ರೈಲ್ವೆಯ ಸೇವೆಯಲ್ಲಿದ್ದಾಗ ಸೇತುವೆಯ ಕಂಬಗಳ ಮೇಲೆ ಅಪಾಯಮಟ್ಟದ ಗುರುತನ್ನು ನೋಡುತ್ತಿದ್ದೆವು. ನೀರು ಆ ಮಟ್ಟಕ್ಕೆ ಬಂದರೆ ಕಾವಲುಗಾರನು ಗಾಡಿಯನ್ನು ತಡೆಯಬೇಕು. ಮಳೆಗತ್ತಲಿನಲ್ಲಿ ಒಬ್ಬಂಟಿಯಾಗಿ ನಿಂತ ಆತನು ಯುಕ್ತಾಯುಕ್ತವನ್ನು ವಿಚಾರಿಸಬೇಕಾಗಿರಲಿಲ್ಲ. ಆ ವಿಚಾರವು ಗುರುತು ಹಾಕಿದ ದಿನವೇ ಮುಗಿದಿತ್ತು. 2025ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ಸರಕಾರವು ಮಾಡಿದ ಶಾಸನವೂ ಇಂಥದೇ ಗುರುತು: ನೆರೆಪ್ರದೇಶದಲ್ಲಿ ಮಕ್ಕಳು ಮಲಗುವ ಕುಟೀರಗಳು ಇರಕೂಡದು, ತುರ್ತುಯೋಜನೆಯೂ ಎಚ್ಚರಿಕೆಯ ವ್ಯವಸ್ಥೆಯೂ ಇರಲೇಬೇಕು.

ವೆಚ್ಚವು ಮಿತಿಮೀರುವುದು, ಶಿಬಿರಗಳು ಮುಚ್ಚಿಹೋಗುವುವು ಎಂಬ ಆಕ್ಷೇಪವುಂಟು. ಅದು ಅಲ್ಲಗಳೆಯತಕ್ಕದ್ದಲ್ಲ. ನದಿಯಲ್ಲಿ ಈಜಿ, ಗೆಳೆಯರೊಡನೆ ಉಂಡು ಬೆಳೆದ ಬಾಲ್ಯವು ಸಣ್ಣ ಸಂಪತ್ತಲ್ಲ. ಆದರೆ ನದಿಯನ್ನು ತೊರೆಯಿರೆಂದು ಯಾರೂ ಹೇಳುತ್ತಿಲ್ಲ. ಹಗಲು ನದಿಯ ಬಳಿ ಆಡಲಿ, ಇರುಳು ಎತ್ತರದಲ್ಲಿ ಮಲಗಲಿ. ಅಷ್ಟೂ ಸಾಧ್ಯವಾಗದ ಶಿಬಿರವು ಮುಚ್ಚುವುದೇ ಧರ್ಮವೆಂದು ನಮಗೆ ತೋರುತ್ತದೆ. ತನ್ನ ಪ್ರಾಣವನ್ನು ಪಣಕ್ಕಿಡಲು ಒಬ್ಬನಿಗೆ ಅಧಿಕಾರವಿದ್ದೀತು, ಪರರ ನಿಕ್ಷೇಪವನ್ನು ಪಣಕ್ಕಿಡಲು ಇಲ್ಲ.

ಊರು ಬಿಟ್ಟು ನಗರಗಳಲ್ಲಿ ನೆಲೆಸಿದ ನಾವೂ ಬೇಸಿಗೆಯಲ್ಲಿ ಮಕ್ಕಳನ್ನು ಶಿಬಿರಗಳಿಗೆ ಕಳುಹಿಸುತ್ತೇವೆ. ಏನು ಕಲಿಸುವರೆಂದು ಕೇಳುತ್ತೇವೆ, ಊಟವೇನೆಂದು ಕೇಳುತ್ತೇವೆ. ರಾತ್ರಿ ಎಲ್ಲಿ ಮಲಗಿಸುವರು, ಯಾರು ಎಚ್ಚರವಾಗಿರುವರು ಎಂಬುದನ್ನೂ ಇನ್ನು ಮುಂದೆ ಕೇಳೋಣ.