ಕಾರು ನನ್ನದು, ನಿಮಗೇನು?

ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತುವಾಗ ಸಣ್ಣ ಪೆಟ್ರೋಲ್ ಕಾರು ಏದುಸಿರು ಬಿಡುತ್ತದೆ. ಒಂದು ಟರ್ಬೊ ಹಾಕಿಸಿಬಿಡುವ ಅನ್ನಿಸುವುದು ಸಹಜವೇ. ಸುಮ್ಮನೆ ಹೊರಹೋಗುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಜಾಣ ಉಪಾಯ ಅದು. ಆದರೆ ಆ ಒತ್ತಡಕ್ಕೆಂದು ಮಾಡದ ಪಿಸ್ಟನ್, ಗ್ಯಾಸ್ಕೆಟ್ ಸೋಲಬಹುದು.

'ಸೋಲಲಿ ಮಾರಾಯ್ರೇ, ಕಾರು ನನ್ನದು, ದುಡ್ಡೂ ನನ್ನದು' ಅಂತೀರಾ? ಸರಿ. ವೇಗ ಹೆಚ್ಚಿತು, ಬ್ರೇಕು ಮಾತ್ರ ಹಳೆಯದೇ. ತಿರುವಿನಾಚೆಯಿಂದ ಬರುವ ಬೈಕಿನವನನ್ನು ಕೇಳಿದಿರಾ? ನಾಳೆ ಆ ಕಾರು ಕೊಳ್ಳುವವನನ್ನು? ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಹೇಳುತ್ತದೆ.

ಶಕ್ತಿ ಬಯಸುವುದು ತಪ್ಪಲ್ಲ. ಅದರ ಬೆಲೆಯನ್ನು ನಾನೊಬ್ಬನೇ ತೆರುತ್ತೇನಾ ಅನ್ನುವುದೇ ಪ್ರಶ್ನೆ. ಇಲ್ಲ ಅಂತಾದರೆ, ಎರಡನೇ ಗೇರಿಗೆ ಹಾಕಿ ನಿಧಾನ ಹತ್ತುವುದೇ ಒಳ್ಳೆಯದು.