ದೇವಿಯ ಮೂರ್ತಿಗೆ ಗ್ರೈಂಡರ್ ಹಚ್ಚಬಹುದೇ?

ಪ್ರಶ್ನೆ: ನಾನು ಬಡಿಗತನ ಮಾಡಾಂವ. ಬಾಜೂ ಊರಿನವರು ದ್ಯಾಮವ್ವನ ಹೊಸ ಮೂರ್ತಿ ಮಾಡಾಕ ಬೇವಿನ ಬೊಡ್ಡಿ ತಂದು ನನಗ ಒಪ್ಪಿಸ್ಯಾರ. ಗ್ರೈಂಡರಿಗೆ ಕೆತ್ತನಿ ಬಿಲ್ಲಿ ಹಾಕಿ ಕೊರದರ ಕೆಲಸ ಲಗೂನ ಮುಗೀತೈತಿ. ಆದರ ಹಿರ್ಯಾರು, ‘ದೇವರ ಕಟಗಿಗೆ ಮಷೀನ್ ಹಚ್ಚಬ್ಯಾಡ, ಹಚ್ಚೂದಾದರ ಕಂಕಣ ಕಟಗೊಂಡು, ಒದ್ದಿ ದೋತರ ಉಟ್ಟು, ಉಪವಾಸ ಇದ್ದು ಹಚ್ಚು’ ಅಂತಾರ. ಏನು ಮಾಡ್ಲಿ? ಹಾರಿದ ಪುಡಿ ಕಾಲಾಗ ಬಿದ್ದರ ದೋಷ ಐತೇನು?
— ಓದುಗರೊಬ್ಬರು, ಹೊರ್ತಿ, ಇಂಡಿ ತಾಲ್ಲೂಕು

ಉತ್ತರ: ಮುಖ್ಯ ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮಷೀನು ಮುಟ್ಟಿದ್ದಕ್ಕೆ ಕಟ್ಟಿಗೆ ಮೈಲಿಗೆ ಆಗುವುದಿಲ್ಲ. ಆದರೆ ಹಿರಿಯರು ಹಾಕಿದ ಆ ಮೂರು ಷರತ್ತುಗಳಿದಾವಲ್ಲ, ಅವನ್ನು ಇದ್ದಂತೆಯೇ ಪಾಲಿಸಿದರೆ ದೇವಿಯ ಕೆಲಸ ಮುಗಿಯುವ ಮುಂಚೆ ನಿಮ್ಮ ಕೈ ಹೋದೀತು. ಅದಕ್ಕೇ ನಿಮ್ಮ ಕಾಗದವನ್ನು ಸರತಿ ಬಿಟ್ಟು ಮೊದಲು ಎತ್ತಿಕೊಂಡೆ.

ಬಾಚಿಯೂ ಕಬ್ಬಿಣ, ಉಳಿಯೂ ಕಬ್ಬಿಣ, ಗ್ರೈಂಡರಿನ ಬಿಲ್ಲೆಯೂ ಕಬ್ಬಿಣವೇ. ಪುರಿ ಜಗನ್ನಾಥನ ಮೂರ್ತಿಗಳೂ ಬೇವಿನವು. 2015ರಲ್ಲಿ ನವಕಳೇಬರ ಆದಾಗ ಹಳೆಯ ಮೂರ್ತಿಗಳ ಜಾಗಕ್ಕೆ ಹೊಸವು ಬಂದವು. ಅಲ್ಲಿ ಆರಿಸಿದ ಮರಕ್ಕೆ ಮೊದಲು ಬಂಗಾರದ ಕೊಡಲಿ ತಾಗಿಸುತ್ತಾರೆ, ಆಮೇಲೆ ಬೆಳ್ಳಿಯದು. ಮರ ಉರುಳುವುದು ಮಾತ್ರ ಕಬ್ಬಿಣದ ಕೊಡಲಿಯಿಂದಲೇ. ಬಂಗಾರ ಬೆಳ್ಳಿ ಗೌರವಕ್ಕೆ, ಕಬ್ಬಿಣ ಕೆಲಸಕ್ಕೆ. ನಮ್ಮ ಬಾಗೇವಾಡಿಯ ಬಸವಣ್ಣನವರ ಕಾಲದ ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬವರಿದ್ದರು. ಬಡಿಗತನವೇ ಅವರ ಕಾಯಕ. ಹಿಡಿದ ಬಾಚಿಯೇ ಅವರ ಹೆಸರಿಗೆ ಸೇರಿತು. ಅವರ ಹೆಂಡತಿ ಕಾಳವ್ವೆಯೂ ವಚನ ಬರೆದವರು. ಆಯುಧ ಎಂದರೆ ಮೈಲಿಗೆ ಎಂಬ ಮಾತು ಆ ಮನೆಯಲ್ಲಿ ನಡೆಯುತ್ತಿತ್ತೇ? ನೀವೂ ಮಹಾನವಮಿಯಲ್ಲಿ ಖಂಡೇಪೂಜೆಗೆ ಉಳಿ, ರಂದಾ, ಗರಗಸಗಳ ಸಾಲಿನಲ್ಲಿ ಗ್ರೈಂಡರನ್ನೂ ಇಟ್ಟು ಕುಂಕುಮ ಹಚ್ಚಿರುತ್ತೀರಿ. ಅಂದು ಪೂಜೆಗೆ ಸಂದದ್ದು ಇಂದು ದೇವಿಯ ಕೆಲಸಕ್ಕೆ ಸಲ್ಲದೇ?

ಇನ್ನು ಷರತ್ತಿನ ಮಾತು. ಇವೆಲ್ಲ ಕೈ ಉಳಿಯ ಕಾಲದ ನೇಮಗಳು. ಉಳಿ ನೀವು ಕೊಡತಿಯಿಂದ ಹೊಡೆದಷ್ಟೇ ಹೋಗುತ್ತದೆ, ನೀವು ನಿಂತರೆ ನಿಲ್ಲುತ್ತದೆ. ನಾಲ್ಕು ಇಂಚಿನ ಗ್ರೈಂಡರು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬಿಲ್ಲೆಯ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಸ್ವಿಚ್ ಆರಿಸಿದ ಮೇಲೂ ಗಳಿಗೆ ಹೊತ್ತು ತಿರುಗುತ್ತಲೇ ಇರುತ್ತದೆ. ಕಂಕಣದ ಒಂದು ಎಳೆ ಅದಕ್ಕೆ ಸಿಕ್ಕರೆ ದಾರದ ಹಿಂದೆ ಮಣಿಕಟ್ಟೂ ಹೋಗುತ್ತದೆ. ಒಬ್ಬ ಬಡಿಗನ ಹೆಗಲ ಮೇಲಿನ ವಸ್ತ್ರ ಹಿಂಗೆ ಸುತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ವಸ್ತ್ರ ಹಳೆಯದು, ಹರಿದುಹೋಯಿತು, ಅವನು ಉಳಿದ. ಹೊಸ ವಸ್ತ್ರವಾಗಿದ್ದರೆ?

ಆದ್ದರಿಂದ ಕಂಕಣವನ್ನು ರಟ್ಟೆಗೆ ಕಟ್ಟಿಕೊಳ್ಳಿ, ಅದರ ಮೇಲೆ ಬಿಗಿ ತೋಳಿನ ಅಂಗಿ ಇರಲಿ. ಜನಿವಾರ, ರುದ್ರಾಕ್ಷಿ, ಕೊರಳ ದಾರ ಏನಿದ್ದರೂ ಅಂಗಿಯ ಒಳಗೆ. ಒದ್ದೆ ದೋತರ ಬೇಡವೇ ಬೇಡ. ಒದ್ದೆ ಮೈಯಲ್ಲಿ ಕರೆಂಟಿನ ವಾಯರ್ ಹಿಡಿಯಬಾರದೆಂದು ಮಕ್ಕಳಿಗೆ ನಾವೇ ಹೇಳುವುದಿಲ್ಲವೇ? ಮಡಿ ಎಂದರೆ ಮಿಂದು ಶುಚಿಯಾಗುವುದು. ಮಿಂದು ಒಗೆದ ಒಣ ಬಟ್ಟೆ ಹಾಕಿಕೊಂಡರೆ ಮಡಿಗೆ ಕುಂದಿಲ್ಲ. ಉಪವಾಸವನ್ನು ಬೊಡ್ಡೆಗೆ ಪೂಜೆ ಮಾಡುವ ದಿನಕ್ಕೆ ಇಟ್ಟುಕೊಳ್ಳಿ. ಮಷೀನು ಹಿಡಿಯುವ ದಿನ ರೊಟ್ಟಿ ತಿಂದೇ ಕೂಡಿರಿ, ಹಸಿದ ಕೈ ನಡುಗುತ್ತದೆ. ಮೌನವ್ರತ ಬೇಕಿದ್ದರೆ ಹಿಡಿಯಿರಿ, ಆದರೆ ಒಬ್ಬರೇ ಇರಬೇಡಿ. ಸ್ವಿಚ್ಚಿನ ಹತ್ತಿರ ಮನೆಯವರು ಯಾರಾದರೂ ಇರಲಿ.

ಚೈನ್ ಹಲ್ಲಿನ ಬಿಲ್ಲೆಯ ಬಗ್ಗೆ ಒಂದು ಮಾತು. ಬೇವಿನಲ್ಲಿ ಗಂಟು ಬಹಳ. ಹಲ್ಲು ಗಂಟಿಗೆ ಕಚ್ಚಿಕೊಂಡರೆ ಮಷೀನು ಎತ್ತು ಒದ್ದಂತೆ ಹಿಂದಕ್ಕೆ ಒದೆಯುತ್ತದೆ. ಅರದ ಹಾಗೆ ಮೈತುಂಬ ಸಣ್ಣ ಮುಳ್ಳಿರುವ ಬಿಲ್ಲೆ ನಿಧಾನ, ಆದರೆ ಅಷ್ಟು ಒದೆಯುವುದಿಲ್ಲ. ಯಾವ ಬಿಲ್ಲೆಯಾದರೂ ಅದರ ಮೇಲೆ ಬರೆದ ಸುತ್ತಿನ ಅಂಕಿ ಮಷೀನಿನ ಅಂಕಿಗಿಂತ ಕಡಿಮೆ ಇರಬಾರದು. ಗಾರ್ಡ್ ಬಿಚ್ಚಿ ಮೂಲೆಗೆ ಎಸೆಯುವ ಚಾಳಿ ನಮ್ಮ ಕಡೆ ಬಹಳ. ಖಂಡೇಪೂಜೆಯಲ್ಲಿ ಅದಕ್ಕೂ ಕುಂಕುಮ ಹಚ್ಚುತ್ತೀರಲ್ಲ, ಹಚ್ಚಿದ ಮೇಲೆ ಮಷೀನಿಗೇ ಹಾಕಿಡಿ. ಬದಿಯ ಹ್ಯಾಂಡಲ್ ಇರಲಿ, ಎರಡೂ ಕೈ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಹಿರಿಯರ ಮಾತನ್ನು ನಾನು ಪೂರ್ತಿ ತೆಗೆದುಹಾಕುವುದಿಲ್ಲ. ಬೊಡ್ಡೆಯ ಹೊರಮೈ ತೆಗೆಯುವುದು, ಭುಜ ನಡು ಗುರುತಿಸುವುದು, ಸೀರೆಯ ನೆರಿಗೆಯ ಒರಟು ಕೆಲಸ ಇವೆಲ್ಲ ಮಷೀನಿಗೆ ಬಿಡಿ. ಮುಖ, ಬೆರಳು, ಮೂಗುತಿಯ ಜಾಗಕ್ಕೆ ಬಂದಾಗ ಉಳಿ ಹಿಡಿಯಿರಿ. ಇದು ಮಡಿಯ ಮಾತಲ್ಲ, ಕಸುಬಿನ ಮಾತು. ತೆಗೆದ ಕಟ್ಟಿಗೆ ತಿರುಗಿ ಹತ್ತುವುದಿಲ್ಲ. ಗ್ರೈಂಡರು ಕಣ್ಣು ಮಿಟುಕಿಸುವಷ್ಟರಲ್ಲಿ ದೇವಿಯ ಮೂಗನ್ನೇ ಒಯ್ದುಬಿಟ್ಟೀತು! ಹುಣಸೆಬೀಜದ ಅಂಟು, ಬಣ್ಣ ಮೈಯ ಗೀರನ್ನು ಮುಚ್ಚಬಹುದು, ಕೆಟ್ಟ ಮುಖವನ್ನು ಮುಚ್ಚಲಾರವು. ಹಿರಿಯರನ್ನು ಆ ದಿನ ಕರೆದು ಎದುರಿಗೆ ಕೂಡ್ರಿಸಿಕೊಳ್ಳಿ. ‘ಯಪ್ಪಾ, ಮುಖ ಕೈಲೇ ಮಾಡಾಕತ್ತೀನಿ, ನೋಡ್ರಿ’ ಅನ್ನಿ. ಅವರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ದೇವಿ ಬಂದು ನೆಲೆಸುವುದು ಪ್ರಾಣಪ್ರತಿಷ್ಠೆಯಲ್ಲಿ. ಅಲ್ಲಿಯತನಕ ಅದು ನಿಮ್ಮ ಶ್ರದ್ಧೆಗೆ ಒಪ್ಪಿಸಿದ ಕಟ್ಟಿಗೆ.

ಪುಡಿಯ ಪ್ರಶ್ನೆ ಒಳ್ಳೆಯದು, ಇದನ್ನು ಕೇಳುವವರು ಕಡಿಮೆ. ಉಳಿಯ ಕೆಲಸದಲ್ಲಿ ಚಕ್ಕೆ ಬೀಳುತ್ತದೆ, ಆಯ್ದು ಇಡಬಹುದು. ಮಷೀನಿನ ಪುಡಿ ಮನೆಯೆಲ್ಲ ಹಾರುತ್ತದೆ. ಕಾಲಿಗೆ ತಾಗಿದರೆ ದೋಷವಿಲ್ಲ, ತಿಳಿದು ತುಳಿಯುವುದು ಬೇರೆ, ಹಾರಿ ಬೀಳುವುದು ಬೇರೆ. ಆದರೆ ಅದು ಮೂಗಿಗೆ ಹೋಗುವುದು ಚಿಂತೆಯ ಮಾತು. ಕಟ್ಟಿಗೆಯ ಪುಡಿ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1995ರಲ್ಲೇ ಪ್ರಕಟಿಸಿದೆ. ಟವೆಲ್ ಕಟ್ಟಿಕೊಂಡರೆ ಸಾಲದು, ಪುಡಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಮೂರು ಕಡೆ ತಾಡಪತ್ರಿ ಕಟ್ಟಿ, ಗಾಳಿ ಆಡುವ ಕಡೆ ಕೆಲಸ ಮಾಡಿ. ಕೂಸು, ಬಾಣಂತಿ ಇದ್ದ ಮನೆಯ ಪಡಸಾಲೆಯಲ್ಲಂತೂ ಬೇಡ. ಸಂಜೆ ಪುಡಿಯನ್ನು ನೀರು ಚಿಮುಕಿಸಿ ಬಳಿದು ಚೀಲಕ್ಕೆ ತುಂಬಿಡಿ. ಮೂರ್ತಿ ಮುಗಿದ ದಿನ ಆ ಚೀಲವನ್ನು ಒಯ್ದು ಯಾವುದಾದರೂ ಬೇವಿನ ಗಿಡದ ಬುಡಕ್ಕೆ ಸುರಿದು, ಒಂದು ತಂಬಿಗೆ ನೀರು ಹಾಕಿ ಬನ್ನಿ.